ಬಿಳಿ ಹೂವಿನ ಕೊಂಬೆ ಮನೆಯೊಳಗೆ ತಂದೆ, ಪಕ್ಕದ ಮನೆ ಅಜ್ಜಿ ಹೊಸ್ತಿಲು ದಾಟಲಿಲ್ಲ

ವೆಕ್ಸ್‌ಫರ್ಡ್ ಹೊಸಬಳು · ಮೇ 14, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿಗೆ ಬಂದು ಹತ್ತು ತಿಂಗಳಾಯಿತು. ನರ್ಸ್ ಕೆಲಸ. ವೆಕ್ಸ್‌ಫರ್ಡ್ ಕೌಂಟಿಯ ಒಂದು ಹಳ್ಳಿ ಪಕ್ಕ ಬಾಡಿಗೆ ಮನೆ. ಶಿಫ್ಟ್ ಮುಗಿಸಿ ಬಸ್ಸಿಳಿದು ನಡೆದು ಬರುವ ದಾರಿಯಲ್ಲಿ ಎರಡೂ ಕಡೆ ಬೇಲಿ. ಈ ವಾರ ಆ ಬೇಲಿಯೆಲ್ಲ ಬೆಳ್ಳಗೆ ಹೂ ಬಿಟ್ಟಿದೆ, ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ. ಮುಳ್ಳು ಚುಚ್ಚಿಸಿಕೊಂಡು ನಾಲ್ಕು ಕೊಂಬೆ ಮುರಿದುಕೊಂಡು ಬಂದೆ. ಸ್ಟೀಲ್ ಚೊಂಬಿಗೆ ನೀರು ಹಾಕಿ ದೇವರ ಫೋಟೋ ಪಕ್ಕ ಇಟ್ಟೆ.

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ವಾರಕ್ಕೊಮ್ಮೆ ತಾವೇ ಸುಟ್ಟ ಬ್ರೆಡ್ ತಂದು ಕೊಡುತ್ತಾರೆ. ಇವತ್ತು ಬಾಗಿಲು ತೆಗೆದೆ. ಒಳಗೆ ಇಣುಕಿ ನೋಡಿದರು. ಮುಖ ಬಿಳುಚಿಕೊಂಡಿತು. ಬ್ರೆಡ್ಡನ್ನು ಹೊಸ್ತಿಲಾಚೆಯಿಂದಲೇ ಕೈಗೆ ಕೊಟ್ಟು, "ಆ ಹೂವನ್ನು ಮೊದಲು ಹೊರಗೆ ಹಾಕು ಮಗಳೇ" ಅಂದು ಹೊರಟೇ ಹೋದರು.

ಸರಿ, ಏನೋ ಅಪಶಕುನ ಇರಬೇಕು ಅಂದುಕೊಂಡು ಹೊರಗೆ ಹಾಕಿದೆ. ಆದರೆ ಅವರ ಗೇಟಿನ ಹತ್ತಿರ ನೋಡಿದರೆ ಅದೇ ಗಿಡದ ದೊಡ್ಡ ಕೊಂಬೆ ನೆಟ್ಟಿದ್ದಾರೆ! ಅದಕ್ಕೆ ಬಣ್ಣದ ರಿಬ್ಬನ್, ತುದಿಗಳಿಗೆ ಮೊಟ್ಟೆಯ ಚಿಪ್ಪು ಬೇರೆ. ಅವರ ಅಂಗಳದಲ್ಲಿ ಶುಭ, ನನ್ನ ದೇವರ ಮುಂದೆ ಅಶುಭ. ಇದ್ಯಾವ ಲೆಕ್ಕ? ಈ ದೇಶದಲ್ಲಿ ಯಾವ ಹಬ್ಬಕ್ಕೆ ಯಾವ ಹೂವು, ಯಾವುದು ಒಳಗೆ ಯಾವುದು ಹೊರಗೆ ಅಂತ ಯಾರಾದರೂ ಹೇಳುತ್ತೀರಾ? ಇನ್ನೊಮ್ಮೆ ಅಜ್ಜಿಯ ಮನಸ್ಸು ನೋಯಿಸುವುದು ಬೇಡ.

ಕ್ಲೇರ್ ಕಡೆಯವ · ಮೇ 14, ರಾತ್ರಿ 9:42

ತಂಗಿ, ನೀವು ತಂದಿದ್ದು ವೈಟ್‌ಥಾರ್ನ್. ಇಂಗ್ಲೆಂಡಿನವರು ಹಾಥಾರ್ನ್ ಅನ್ನುತ್ತಾರೆ. ಐರಿಷ್ ಭಾಷೆಯಲ್ಲಿ ಸ್ಕ್ಯಾಹ್ ಗ್ಯಾಲ್. ಇಲ್ಲಿನ ಹಳಬರ ಮಟ್ಟಿಗೆ ಅದು ಗಿಡ ಅಲ್ಲ, ಬೇರೆಯವರ ಆಸ್ತಿ. ಬೇರೆಯವರು ಅಂದರೆ "ಒಳ್ಳೆಯ ಜನ", ನಮ್ಮ ಯಕ್ಷರ ತರದ ಕಣ್ಣಿಗೆ ಕಾಣದವರು. ಫೇರಿ ಅನ್ನುವ ಹೆಸರನ್ನೂ ಹಳಬರು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಹೊತ್ತು ನಮ್ಮಜ್ಜಿ ಹಾವಿಗೆ "ಹುಳ" ಅನ್ನುತ್ತಿದ್ದರಲ್ಲ, ಹಾಗೆ.

ಬೇಲಿಯಲ್ಲಿ ಸಾಲಾಗಿ ಇರುವುದಕ್ಕೆ ಅಷ್ಟು ಭಯ ಇಲ್ಲ. ಹೊಲದ ಮಧ್ಯೆ ಒಂಟಿಯಾಗಿ ನಿಂತದ್ದು ನೋಡಿ, ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಕಡೆ ರೈತರು ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರ್ ಇಟ್ಟುಕೊಂಡು, ಜಿಪಿಎಸ್ ನೋಡಿ ಉಳುತ್ತಾರೆ. ಆ ಒಂದು ಮರದ ಸುತ್ತ ಮಾತ್ರ ಬಳಸಿಕೊಂಡು ಹೋಗುತ್ತಾರೆ. ಕೇಳಿದರೆ "ನಾನು ನಂಬಲ್ಲಪ್ಪ" ಅನ್ನುತ್ತಾರೆ. ಕಡಿಯಿರಿ ನೋಡೋಣ ಅಂದರೆ ನಗುತ್ತಾರೆ, ಅಷ್ಟೇ.

ಕ್ಲೇರ್ ಕೌಂಟಿಯ ಲಟೂನ್ ಅಂತ ಒಂದು ಜಾಗ ಇದೆ. 1999ರಲ್ಲಿ ಅಲ್ಲಿ ಹೊಸ ಹೆದ್ದಾರಿಯ ದಾರಿಯಲ್ಲಿ ಇಂಥದ್ದೊಂದು ಒಂಟಿ ಮರ ಸಿಕ್ಕಿತು. ಜನಪದ ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದರು. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕಾನಾಕ್ಟ್ ಪ್ರಾಂತ್ಯದ ಫೇರಿಗಳ ಮೇಲೆ ಯುದ್ಧಕ್ಕೆ ಹೋಗುವ ಮುಂಚೆ ಸೇರುವ ಜಾಗ ಅದು, ಕಡಿದರೆ ಆ ರಸ್ತೆಯಲ್ಲಿ ಅನಾಹುತ ತಪ್ಪಿದ್ದಲ್ಲ ಅಂತ. ಸುದ್ದಿ ಹೊರದೇಶದ ಪತ್ರಿಕೆಗಳವರೆಗೂ ಹೋಯಿತು. ಕೊನೆಗೆ ಮರವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು. 2002ರಲ್ಲಿ ಯಾರೋ ಕಿಡಿಗೇಡಿಗಳು ಕೊಂಬೆಯೆಲ್ಲ ಕೊಯ್ದು ಹಾಕಿದರು. ಮತ್ತೆ ಚಿಗುರಿತು. ನಾನು ವಾರಕ್ಕೆರಡು ಸಲ ಆ ದಾರಿಯಲ್ಲಿ ಓಡಾಡುತ್ತೇನೆ. ನೋಡಿದರೆ ಏನೂ ವಿಶೇಷ ಇಲ್ಲ, ಒಂದು ಪುಟ್ಟ ಮುಳ್ಳಿನ ಮರ. ಆದರೂ ಅಲ್ಲಿ ಬಂದಾಗ ರೇಡಿಯೋ ಸೌಂಡು ಸ್ವಲ್ಪ ಕಮ್ಮಿ ಮಾಡುತ್ತೇನೆ, ಯಾಕೆ ಅಂತ ಕೇಳಬೇಡಿ.

ಎಲೆಪುರಾಣ · ಮೇ 14, ರಾತ್ರಿ 10:20

ಕ್ಲೇರ್ ಕಡೆಯವರು ಫೇರಿ ಪಕ್ಷ ವಹಿಸಿದ್ದಾರೆ, ನಾನು ಗಿಡದ ಪಕ್ಷ. (ಸಸ್ಯಶಾಸ್ತ್ರ ಓದಿದವನು, ಈಗ ಡಬ್ಲಿನ್‌ನಲ್ಲಿ ಬೇರೆ ಕೆಲಸ.)

ನಾಳೆ ಆ ಹೂವನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಮೊದಲು ಸಿಹಿ ವಾಸನೆ. ಅದರ ಕೆಳಗೆ ಇನ್ನೊಂದಿದೆ, ಹಳಸಿದ ಮೀನಿನ ತರ. ಅದು ಟ್ರೈಮಿಥೈಲ್‌ಅಮೀನ್ ಅನ್ನುವ ರಾಸಾಯನಿಕ. ನೊಣಗಳನ್ನು ಕರೆಯಲು ಹೂವಿಗೆ ಅದು ಬೇಕು. ಸತ್ತ ದೇಹ ಕೊಳೆಯಲು ಶುರುವಾದಾಗ ಬರುವುದೂ ಅದೇ. ಹಿಂದೆ ಸತ್ತವರನ್ನು ಮನೆಯೊಳಗೇ ಮಲಗಿಸಿ ರಾತ್ರಿಯಿಡೀ ಎಚ್ಚರ ಕೂರುತ್ತಿದ್ದರು. ಆ ವಾಸನೆ ಎಲ್ಲರಿಗೂ ಗೊತ್ತಿತ್ತು. ಹಾಗಿರುವಾಗ ಆ ಹೂವನ್ನು ಕೋಣೆಯಲ್ಲಿಟ್ಟರೆ "ಸಾವು ಬಂತು" ಅಂತ ಅನಿಸದೇ ಇರುತ್ತಾ? ಗಾಳಿಯಾಡುವ ಅಂಗಳದಲ್ಲಿ ಅದೇ ಹೂವು ಚೆಂದ.

ಗೇಟಿನ ಕೊಂಬೆ ಮೇ ಬುಷ್. ಮೇ 1ರ ಬ್ಯಾಲ್ಟಿನೆ ಹಬ್ಬದ್ದು, ಬೇಸಿಗೆ ಶುರುವಾಗುವ ದಿನ. ಹಿಂದಿನ ಸಂಜೆಯೇ ನೆಡುತ್ತಾರೆ. ವೆಕ್ಸ್‌ಫರ್ಡ್ ಸೇರಿ ಲೆನ್‌ಸ್ಟರ್ ಪ್ರಾಂತ್ಯದಲ್ಲಿ ಅದರ ಚಾಲ್ತಿ ಜಾಸ್ತಿ. ಮೊಟ್ಟೆ ಚಿಪ್ಪು ಈಸ್ಟರ್ ಭಾನುವಾರ ತಿಂದ ಮೊಟ್ಟೆಗಳದ್ದು, ಅದಕ್ಕೆಂದೇ ಎತ್ತಿಟ್ಟಿರುತ್ತಾರೆ.

ಇನ್ನೊಂದು ಲೆಕ್ಕ. ಮೇ 1ಕ್ಕೆ ಎಷ್ಟೋ ವರ್ಷ ಈ ಹೂವು ಸರಿಯಾಗಿ ಅರಳಿಯೇ ಇರುವುದಿಲ್ಲ. ಮೇ ಹಬ್ಬದ ಹೂವು ಮೇ ಹಬ್ಬಕ್ಕೇ ಇಲ್ಲ! ಕಾರಣ 1752ರಲ್ಲಿ ಕ್ಯಾಲೆಂಡರ್ ಬದಲಾಗಿ ಹನ್ನೊಂದು ದಿನ ಹಾರಿ ಹೋಯಿತು. ಹಳೆಯ ಮೇ 1 ಅಂದರೆ ಈಗಿನ ಮೇ 12. ಸರ್ಕಾರ ತಾರೀಕು ಬದಲಿಸಿತು, ಗಿಡಕ್ಕೆ ಯಾರೂ ಹೇಳಲಿಲ್ಲ. ನೀವು ಬರೆದ ದಿನ ನೋಡಿ, ಮೇ 14.

ಹಸಿರು ಟೋಪಿ · ಮೇ 14, ರಾತ್ರಿ 10:55

ಇಷ್ಟೆಲ್ಲ ಯಾಕೆ ಗುರು? ಐರ್ಲೆಂಡ್ ಅಂದರೆ ಶ್ಯಾಮ್‌ರಾಕ್. ನಾಲ್ಕೆಲೆ, ಅದೃಷ್ಟ, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬ. ಮುಗೀತು.

ಎಲೆಪುರಾಣ · ಮೇ 14, ರಾತ್ರಿ 11:30

ಟೋಪಿಯವರೇ, ನಾಲ್ಕಲ್ಲ, ಮೂರೆಲೆ. ನಾಲ್ಕೆಲೆಯ ಕ್ಲೋವರ್ (ಹುಲ್ಲಿನ ನಡುವೆ ಬೆಳೆಯುವ ಪುಟ್ಟ ಸೊಪ್ಪು) ಗ್ರೀಟಿಂಗ್ ಕಾರ್ಡಿನವರು ಸೇರಿಸಿದ ಗೊಂದಲ. ನಾಲ್ಕೆಲೆಯಾದರೆ ಇಲ್ಲಿ ಕ್ರೈಸ್ತ ಧರ್ಮ ಹರಡಿದ ಸೇಂಟ್ ಪ್ಯಾಟ್ರಿಕ್ ಕಥೆಯೇ ನಿಲ್ಲುವುದಿಲ್ಲ. ಒಂದೇ ಕಡ್ಡಿಯ ಮೂರು ಎಲೆ ತೋರಿಸಿ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಅಂತ ಪಾಠ ಹೇಳಿದರು ಅನ್ನುವುದೇ ಕಥೆ.

ಈಗ ಮಜಾ ಕೇಳಿ. ಪ್ಯಾಟ್ರಿಕ್ 5ನೇ ಶತಮಾನದವರು. ಅವರೇ ಬರೆದದ್ದು ಇವತ್ತಿಗೂ ಉಳಿದಿದೆ. ಅದರಲ್ಲಿ ಶ್ಯಾಮ್‌ರಾಕ್ ಮಾತೇ ಇಲ್ಲ. ಈ ಕಥೆ ಬರಹದಲ್ಲಿ ಮೊದಲು ಸಿಗುವುದು 1726ರಲ್ಲಿ, ಕೇಲೆಬ್ ಥ್ರೆಲ್‌ಕೆಲ್ಡ್ ಅನ್ನುವವರ ಸಸ್ಯಗಳ ಪುಸ್ತಕದಲ್ಲಿ. ಅಂದರೆ ಸಾವಿರದ ಇನ್ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ. ಅದೇ ಪುಟದಲ್ಲಿ ಅವರು ಗೊಣಗಿಕೊಂಡೂ ಇದ್ದಾರೆ. ಜನ ಮಾರ್ಚ್ 17ರಂದು ಈ ಸೊಪ್ಪನ್ನು ಟೋಪಿಗೆ ಸಿಗಿಸಿಕೊಂಡು, ಅದನ್ನು "ಒದ್ದೆ ಮಾಡುವ" ನೆಪದಲ್ಲಿ ಮಿತಿ ಮೀರಿ ಕುಡಿಯುತ್ತಾರೆ ಅಂತ. ಆ ಪದ್ಧತಿ ಸತ್ತಿಲ್ಲ. ರಾತ್ರಿ ಕೊನೆಯ ಗ್ಲಾಸಿಗೆ ಎದೆಯ ಮೇಲಿನ ಶ್ಯಾಮ್‌ರಾಕ್ ಹಾಕಿ, ಕುಡಿದು, ಆಮೇಲೆ ಅದನ್ನು ತೆಗೆದು ಎಡ ಹೆಗಲ ಹಿಂದಕ್ಕೆ ಎಸೆಯುವುದು. ಶ್ಯಾಮ್‌ರಾಕನ್ನು ಮುಳುಗಿಸುವುದು ಅನ್ನುತ್ತಾರೆ.

ಮತ್ತೆ, ಶ್ಯಾಮ್‌ರಾಕ್ ಅನ್ನುವ ಗಿಡ ಯಾವುದು? ಹಾಗೊಂದು ಗಿಡ ಇಲ್ಲ! ಐರಿಷ್ ಹೆಸರಿನ ಅರ್ಥ "ಎಳೆ ಕ್ಲೋವರ್" ಅಂತ, ಅಷ್ಟೇ. 1893ರಲ್ಲಿ ನಥಾನಿಯಲ್ ಕೋಲ್ಗನ್ ಅನ್ನುವವರು "ನಿಮ್ಮೂರಲ್ಲಿ ನಿಜವಾದ ಶ್ಯಾಮ್‌ರಾಕ್ ಅನ್ನುವುದನ್ನು ಬೇರು ಸಮೇತ ಕಳಿಸಿ" ಅಂತ ದೇಶದ ಬೇರೆ ಬೇರೆ ಕಡೆಯಿಂದ ತರಿಸಿ, ನೆಟ್ಟು, ಹೂ ಬಿಡುವವರೆಗೂ ಕಾದರು. ಸುಮಾರು ಅರ್ಧ ಸಣ್ಣ ಹಳದಿ ಹೂವಿನ ಕ್ಲೋವರ್. ಮೂರರಲ್ಲೊಂದು ಪಾಲು ಬಿಳಿ ಕ್ಲೋವರ್. ಉಳಿದದ್ದು ಬೇರೆ ಏನೇನೋ. 1988ರಲ್ಲಿ ಚಾರ್ಲ್ಸ್ ನೆಲ್ಸನ್ ಮತ್ತೆ ಅದೇ ಪರೀಕ್ಷೆ ಮಾಡಿದರು. ಸುಮಾರಾಗಿ ಅದೇ ಫಲಿತಾಂಶ. ನಮ್ಮ ಹುಳಿಸೊಪ್ಪಿನ ಜಾತಿಯ ಆಕ್ಸಾಲಿಸನ್ನೇ ಶ್ಯಾಮ್‌ರಾಕ್ ಅಂತ ಕಳಿಸಿದವರೂ ಇದ್ದರು. ಮಾರ್ಚ್‌ನಲ್ಲಿ ಯಾವುದೂ ಹೂ ಬಿಟ್ಟಿರುವುದಿಲ್ಲ, ಎಲೆ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ನೂರಾರು ವರ್ಷದಿಂದ ಜಗಳ ಮುಗಿದಿಲ್ಲ.

ಒಂದು ತಿದ್ದುಪಡಿ ನಾನೇ ಹಾಕಿಕೊಳ್ಳುತ್ತೇನೆ. ಗೊತ್ತಾಗದ ಗಿಡ, ತಡವಾಗಿ ಬಂದ ಕಥೆ, ಆದರೂ ಅದಕ್ಕೆ ತೂಕ ಇಲ್ಲ ಅಂತಲ್ಲ. ನಮ್ಮೂರ ಚರ್ಚಿನ ಹೊರಗೆ ಮಾರ್ಚ್ 17ರಂದು ನಿಂತು ನೋಡಿ. ಮುದುಕರು ಒಂದೆಲೆ ಸಿಗಿಸುವುದಿಲ್ಲ. ಬೇರಿನ ಮಣ್ಣು ಪೂರ್ತಿ ಹೋಗದ, ಮುಷ್ಟಿಯಷ್ಟು ಗೊಂಚಲನ್ನೇ ಕೋಟಿಗೆ ಪಿನ್ ಹಾಕಿರುತ್ತಾರೆ. ಮಳೆಗೆ ನೆನೆದು, ಮಧ್ಯಾಹ್ನದ ಹೊತ್ತಿಗೆ ಬೇಯಿಸಿದ ಮೆಂತ್ಯಸೊಪ್ಪಿನ ಹಾಗೆ ಜೋತು ಬಿದ್ದಿರುತ್ತದೆ. ತೆಗೆಯುವುದಿಲ್ಲ.

ಹಸಿರು ಟೋಪಿ · ಮೇ 15, ಬೆಳಿಗ್ಗೆ 7:15

ಸರಿ ಸರ್, ಟೋಪಿ ತೆಗೆದೆ. ಆದರೂ ದೇಶದ ಲಾಂಛನ ಅದೇ ಅಲ್ವಾ?

ಎಲೆಪುರಾಣ · ಮೇ 15, ಬೆಳಿಗ್ಗೆ 7:40

ಸರ್ಕಾರದ ಲಾಂಛನ ಹಾರ್ಪ್ ವಾದ್ಯ. ಪಾಸ್‌ಪೋರ್ಟ್, ನಾಣ್ಯ ನೋಡಿ. ಶ್ಯಾಮ್‌ರಾಕ್ ಜನರದ್ದು. ಏರ್ ಲಿಂಗಸ್ ವಿಮಾನದ ಬಾಲದಲ್ಲಿದೆ. ಅಮೆರಿಕದ ಅಧ್ಯಕ್ಷರಿಗೆ ಬೋಗುಣಿಯಲ್ಲಿ ಕೊಡುತ್ತಾರಲ್ಲ, ಅದು ಶುರುವಾಗಿದ್ದು 1952ರಲ್ಲಿ. ಆಗಿನ ರಾಯಭಾರಿ ಜಾನ್ ಹರ್ನ್ ಟ್ರೂಮನ್ ಅವರಿಗೆ ಒಂದು ಸಣ್ಣ ಡಬ್ಬಿ ಕಳಿಸಿದರು. ಟ್ರೂಮನ್ ಊರಲ್ಲೂ ಇರಲಿಲ್ಲ.

ಕಾರ್ಕ್ ಕಾಫಿ · ಮೇ 15, ಬೆಳಿಗ್ಗೆ 8:05

ಹೊಸಬಳೇ, "ಒಳಗೆ ತರಬಾರದು" ಅನ್ನುವುದನ್ನು ದೇಶದ ಕಾನೂನು ಅಂದುಕೊಳ್ಳಬೇಡಿ. ವೈಟ್‌ಥಾರ್ನ್ ಮಟ್ಟಿಗೆ ಸರಿ. ಆದರೆ ನಮ್ಮ ಕಾರ್ಕ್ ಕಡೆ ಮೇ ಹಬ್ಬಕ್ಕೆ ಹೊಸದಾಗಿ ಚಿಗುರಿದ ಹಸಿರು ಕೊಂಬೆಯನ್ನು ಮನೆಯೊಳಗೇ ತರುವ ಪದ್ಧತಿ ಇತ್ತು. ಬೇಸಿಗೆಯನ್ನು ಒಳಗೆ ಕರೆದ ಹಾಗೆ. ಹೇಸಲ್, ಸಿಕಮೋರ್ ಹೀಗೆ. ವೆಕ್ಸ್‌ಫರ್ಡಿನಲ್ಲಿ ಹೊರಗೆ ನೆಡುತ್ತಾರೆ, ಇಲ್ಲಿ ಒಳಗೆ ತರುತ್ತಾರೆ. ನಮ್ಮಲ್ಲಿ ಜಿಲ್ಲೆ ದಾಟಿದರೆ ಸಾಂಬಾರು ಬದಲಾಗುವುದಿಲ್ಲವಾ, ಹಾಗೆ.

ನಾನು ಹೇಳಬೇಕೆಂದದ್ದು ಹಳದಿ ಹೂವಿನ ವಿಷಯ. ನನ್ನ ಗಂಡನ ಮನೆಯವರು ಇಲ್ಲಿಯವರೇ, ಹಾಲಿನ ದನ ಸಾಕಿದವರು. ಅತ್ತೆ ಏಪ್ರಿಲ್ 30ರ ಸಂಜೆ ಪ್ರಿಮ್‌ರೋಸ್ ಕಿತ್ತು ತಂದು ಹೊಸ್ತಿಲ ಮೇಲೆ, ಕಿಟಕಿಯ ಕಟ್ಟೆ ಮೇಲೆ, ಕೊಟ್ಟಿಗೆಯ ಬಾಗಿಲಲ್ಲಿ ಚೆಲ್ಲುತ್ತಾರೆ. ಕತ್ತಲಾಗುವ ಮುಂಚೆ ಆಗಬೇಕು. ಪ್ರಿಮ್‌ರೋಸ್ ಸಿಗದಿದ್ದರೆ ಗಾರ್ಸ್ ಅನ್ನುವ ಮುಳ್ಳುಪೊದೆಯ ಹೂವು. ತೊರೆಯ ಪಕ್ಕ ಬೆಳೆಯುವ ಮಾರ್ಷ್ ಮೇರಿಗೋಲ್ಡ್ ಕೂಡ ಆಗುತ್ತದೆ. ಅದರ ಐರಿಷ್ ಹೆಸರೇ "ಬ್ಯಾಲ್ಟಿನೆಯ ಹಳದಿ ಗಿಡ". ಹಳದಿಯೇ ಯಾಕೆ? ಬೆಣ್ಣೆ! ಮೇ ತಿಂಗಳಲ್ಲಿ ಹೊಸ ಹುಲ್ಲು ತಿಂದ ಹಸುವಿನ ಬೆಣ್ಣೆ ಹಳದಿ ಬಣ್ಣಕ್ಕಿರುತ್ತದೆ. ವರ್ಷದ ಆದಾಯ ಅದೇ. ಅದನ್ನು ಕದಿಯುವವರು ಎರಡು ತರ. ಒಂದು ಫೇರಿಗಳು. ಇನ್ನೊಂದು ಪಕ್ಕದ ಮನೆಯವಳು!

ತಮಾಷೆ ಅಲ್ಲ. ಮೇ 1ರ ಬೆಳಗಿನ ಜಾವ ಯಾರಾದರೂ ಹೆಂಗಸು ನಿಮ್ಮ ಹೊಲದ ಇಬ್ಬನಿಯ ಮೇಲೆ ಬಟ್ಟೆ ಎಳೆದು ಹಿಂಡಿಕೊಂಡರೆ, ಇಲ್ಲ ನಿಮ್ಮ ಬಾವಿಯ ಮೇಲಿನ ಮೊದಲ ನೀರನ್ನು ಎತ್ತಿಕೊಂಡರೆ, ವರ್ಷವಿಡೀ ನಿಮ್ಮ ಮಜ್ಜಿಗೆ ಕಡೆದರೂ ಬೆಣ್ಣೆ ಅವಳ ಮನೆಗೆ. ಆ ದಿನ ಯಾರೂ ಬೆಂಕಿ, ಉಪ್ಪು, ಹಾಲು ಕೊಡುತ್ತಿರಲಿಲ್ಲ. ರೋವನ್ ಮರದ ಕಡ್ಡಿಯನ್ನು ಕಡಗೋಲಿನ ಪಾತ್ರೆಗೆ, ಹಸುವಿನ ಬಾಲಕ್ಕೆ ಕಟ್ಟುತ್ತಿದ್ದರು. ಅತ್ತೆಯ ಹತ್ತಿರ ಈಗ ಹಸು ಇಲ್ಲ. ಬೆಣ್ಣೆ ಸೂಪರ್‌ಮಾರ್ಕೆಟಿನದ್ದು. ಹೂವು ಮಾತ್ರ ಪ್ರತಿ ವರ್ಷ ಬೀಳುತ್ತದೆ.

ಗಾರ್ಸ್ ಅಂದೆನಲ್ಲ. ಬಿಸಿಲು ಬಿದ್ದ ಮಧ್ಯಾಹ್ನ ಆ ಮುಳ್ಳುಪೊದೆಯ ಹತ್ತಿರ ಹೋಗಿ ನಿಲ್ಲಿ. ತೆಂಗಿನಕಾಯಿ ವಾಸನೆ! ನಾನು ಬಂದ ಮೊದಲ ವರ್ಷ ಒಂದು ಬೆಟ್ಟದ ಮೇಲೆ ನಿಂತು, ಯಾರೋ ಕಾಯಿ ತುರಿಯುತ್ತಿದ್ದಾರೆ ಅಂತ ಸುತ್ತ ಹುಡುಕಿದ್ದೆ. ಸುಮ್ನೆ ಅಳು ಬಂತು.

ಮಲೆನಾಡ ಮಂದಿ · ಮೇ 15, ಮಧ್ಯಾಹ್ನ 1:12

ತೀರ್ಥಹಳ್ಳಿಯಿಂದ ಓದುತ್ತಿದ್ದೇನೆ. ನನಗೊಂದು ಅನುಮಾನ. ನೀವೆಲ್ಲ ಹೇಳುತ್ತಿರುವುದು ಮೂಢನಂಬಿಕೆ. ಪ್ರಶ್ನೆ ಇದ್ದದ್ದು ಹೂವಿನ ಅರ್ಥದ ಬಗ್ಗೆ. ಗುಲಾಬಿ ಅಂದರೆ ಪ್ರೀತಿ, ಮಲ್ಲಿಗೆ ಅಂದರೆ ಶುಭ್ರ, ಹಾಗೆ ಒಂದು ಪಟ್ಟಿ ಯಾರೂ ಕೊಡಲಿಲ್ಲವಲ್ಲ?

ಕಾರ್ಕ್ ಕಾಫಿ · ಮೇ 15, ಮಧ್ಯಾಹ್ನ 1:30

ಅಣ್ಣಾ, ಬಾಗಿಲಿಗೆ ಮಾವಿನ ತೋರಣ ಕಟ್ಟುವಾಗ "ಮಾವಿನೆಲೆ ಅಂದರೆ ಇಂಥ ಅರ್ಥ" ಅಂತ ಯಾರಾದರೂ ಯೋಚಿಸುತ್ತಾರಾ? ಕಟ್ಟದಿದ್ದರೆ ಹಬ್ಬ ಅನಿಸುವುದಿಲ್ಲ, ಕಟ್ಟುತ್ತೇವೆ. ಇಲ್ಲಿನ ಗಿಡಗಳೂ ಹಾಗೇ. ಅವು ಅರ್ಥ ಹೇಳುವುದಿಲ್ಲ, ಕೆಲಸ ಮಾಡುತ್ತವೆ. ಹೊಸ್ತಿಲು ಕಾಯುತ್ತವೆ, ಬೆಣ್ಣೆ ಕಾಯುತ್ತವೆ, ಬೆಂಕಿ ತಡೆಯುತ್ತವೆ.

ಹನ್ನೆರಡು ಚಳಿಗಾಲ · ಮೇ 15, ಸಂಜೆ 6:48

ತೋರಣದ ಮಾತು ಬಂತಲ್ಲ, ನಂದೂ ಒಂದು. ಡಬ್ಲಿನ್ ಸುತ್ತಮುತ್ತ ಯುಗಾದಿಗೆ ಮಾವಿನೆಲೆ ಬೇಕೆಂದರೆ ಎಲ್ಲಿಂದ ತರುವುದು? ನಾವೊಂದಷ್ಟು ಮನೆಯವರು ಬೇಲಿಯ ಲಾರೆಲ್ ಎಲೆ ಕಟ್ಟುತ್ತೇವೆ. ದೂರದಿಂದ ಥೇಟ್ ಮಾವಿನೆಲೆ. (ಎಲೆ ವಿಷ, ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಕಲಶಕ್ಕೆ ಇಡಲೇಬೇಡಿ.) ಒಂದು ಸಲ ಇದನ್ನು ಐರಿಷ್ ಗೆಳತಿಗೆ ನಾಚಿಕೆಯಿಂದ ಹೇಳಿದೆ. ಅವಳು ನಕ್ಕು, "ನಾವು ಪಾಮ್ ಸಂಡೆಗೆ ಮಾಡುವುದೂ ಅದನ್ನೇ" ಅಂದಳು.

ಈಸ್ಟರ್‌ಗೆ ಹಿಂದಿನ ಭಾನುವಾರ ಪಾಮ್ ಗರಿ ಹಿಡಿದು ಚರ್ಚಿಗೆ ಹೋಗಬೇಕು. ಈ ಚಳಿಯಲ್ಲಿ ತಾಳೆ ಜಾತಿ ಎಲ್ಲಿ? ಹಾಗಾಗಿ ಯೂ ಮರದ ಕಡ್ಡಿ, ಇಲ್ಲ ಸೈಪ್ರೆಸ್ಸು, ಯಾವುದೋ ನಿತ್ಯಹಸಿರು. ಅದನ್ನೇ "ಪಾಮ್" ಅಂದರು. ಹಳಬರ ಬಾಯಲ್ಲಿ ಯೂ ಮರದ ಹೆಸರೇ ಪಾಮ್ ಆಗಿಬಿಟ್ಟಿತ್ತು. ಹರಸಿದ ಕಡ್ಡಿಯನ್ನು ಮನೆಗೆ ತಂದು ಫೋಟೋ ಹಿಂದೆ, ಕೊಟ್ಟಿಗೆಯ ಸಂದಿಯಲ್ಲಿ ಸಿಕ್ಕಿಸುತ್ತಾರೆ. ಹೊಲಕ್ಕೂ ಒಂದು ಕಡ್ಡಿ.

ಸ್ಮಶಾನಗಳಲ್ಲಿ ನೆಟ್ಟಗೆ, ಮಡಚಿದ ಛತ್ರಿ ತರ ನಿಂತಿರುವ ಕಪ್ಪು ಹಸಿರು ಮರ ನೋಡಿದ್ದೀರಾ? ಅದು ಐರಿಷ್ ಯೂ. ಫರ್ಮಾನಾ ಕೌಂಟಿಯ ಬೆಟ್ಟದಲ್ಲಿ 1760ರ ಸುಮಾರಿಗೆ ಒಬ್ಬ ರೈತನಿಗೆ ಸಿಕ್ಕ ಸಸಿಯಿಂದ ಬಂದದ್ದು. ಅದರ ತಾಯಿ ಮರ ಫ್ಲಾರೆನ್ಸ್ ಕೋರ್ಟ್ ಅನ್ನುವ ಬಂಗಲೆಯ ತೋಟದಲ್ಲಿ ಇವತ್ತಿಗೂ ಇದೆ. ಪ್ರಪಂಚದ ಎಲ್ಲ ಐರಿಷ್ ಯೂ ಮರಗಳೂ ಅದರ ಕಡ್ಡಿ ನೆಟ್ಟು ಬೆಳೆಸಿದವು. ನೋಡಲು ಹೋಗಿದ್ದೆ. ಕಡ್ಡಿ ಕಿತ್ತು ಕಿತ್ತು ತಾಯಿಯ ಆಕಾರವೇ ಕೆಟ್ಟಿದೆ, ಪಾಪ.

ಆದರೆ ನನಗೆ ಇಲ್ಲಿನ ಹಬ್ಬಗಳಲ್ಲಿ ಇಷ್ಟವಾದದ್ದು ಫೆಬ್ರವರಿ 1. ಸೇಂಟ್ ಬ್ರಿಜಿಡ್ ದಿನ, ಹಳೆಯ ಹೆಸರು ಇಂಬಾಲ್ಕ್, ವಸಂತದ ಬಾಗಿಲು. 2023ರಿಂದ ಅವಳ ಹೆಸರಲ್ಲಿ ಸರ್ಕಾರಿ ರಜೆ ಕೂಡ ಇದೆ (ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ), ಒಬ್ಬ ಹೆಂಗಸಿನ ಹೆಸರಿನ ಮೊದಲ ರಜೆ. ಅವತ್ತಿನ ಗಿಡ ರಶ್. ಜೌಗು ಹೊಲದಲ್ಲಿ ಬೆಳೆಯುವ, ನಮ್ಮ ಜೊಂಡಿನ ತರದ ಉದ್ದ ಹುಲ್ಲು. ಯಾರಿಗೂ ಬೇಡದ ಕಳೆ. ರೈತರು ಬೈಯುತ್ತಾರೆ. ಆ ಒಂದು ದಿನ ಅದು ರಾಜ. ಹಿಂದಿನ ಸಂಜೆ ಕಿತ್ತು ತರಬೇಕು. ಕುಡುಗೋಲು, ಚಾಕು ತಾಗಿಸಬಾರದು, ಕೈಯಲ್ಲೇ ಎಳೆಯಬೇಕು. ಕೆಲವು ಕಡೆ ಮನೆಯ ಹುಡುಗಿ ರಶ್ ಕಟ್ಟು ಹೊತ್ತು ಬಾಗಿಲ ಹೊರಗೆ ನಿಂತು, "ಮಂಡಿಯೂರಿ, ಬ್ರಿಜಿಡ್ ಬಂದಿದ್ದಾಳೆ, ಒಳಗೆ ಬಿಡಿ" ಅನ್ನುತ್ತಿದ್ದಳು. ಒಳಗಿನವರು "ಬಾ ತಾಯಿ, ಬಾ" ಅನ್ನುತ್ತಿದ್ದರು. ಗೌರಿಯನ್ನು ಒಳಗೆ ಕರೆಯುವುದು ನೆನಪಾಗಿ ನನಗಂತೂ ಮೈ ಜುಮ್ಮೆಂದಿತ್ತು.

ಆಮೇಲೆ ಅದರಲ್ಲಿ ಶಿಲುಬೆ ಹೆಣೆಯುವುದು. ಮಗಳ ಶಾಲೆಯಲ್ಲಿ ಕಲಿತೆ, ಈಗ ನಾನೇ ಕಲಿಸುತ್ತೇನೆ. ಒಂದು ಕಡ್ಡಿ ನೆಟ್ಟಗೆ ಹಿಡಿಯಿರಿ. ಇನ್ನೊಂದನ್ನು ನಡುವಿಗೆ ಮಡಚಿ ಅದಕ್ಕೆ ಸಿಗಿಸಿ, ತುದಿಗಳು ಬಲಕ್ಕೆ ಬರಲಿ. ಹೆಬ್ಬೆರಳಲ್ಲಿ ಅದುಮಿ ಹಿಡಿದು, ಪೂರ್ತಿ ಹೆಣಿಗೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ ತುದಿ ಈಗ ಮೇಲಕ್ಕೆ ಬಂತು. ಮತ್ತೊಂದು ಮಡಚಿ, ಅದರ ಮೇಲೆ ಸಿಗಿಸಿ, ಮತ್ತೆ ಬಲಕ್ಕೆ. ತಿರುಗಿಸಿ. ಹೀಗೇ ಮಾಡುತ್ತಾ ಹೋದರೆ ನಡುವೆ ಒಂದು ಚೌಕ ಬೆಳೆಯುತ್ತದೆ, ನಾಲ್ಕು ಕೈ ಹೊರಗೆ. ಹೆಬ್ಬೆರಳು ಸಡಿಲ ಬಿಟ್ಟಿರೋ, ಎಲ್ಲ ಜಾರಿ ಮಡಿಲಿಗೆ. ನನ್ನದು ಮೊದಲ ಮೂರು ಸಲ ಹಾಗೇ ಆಯಿತು. ಕೊನೆಗೆ ನಾಲ್ಕು ತುದಿಗೂ ದಾರ. ಹಸಿಯಿದ್ದಾಗ ಕಡು ಹಸಿರು, ಸೌತೆಕಾಯಿ ತರ ವಾಸನೆ. ವಾರ ಕಳೆದರೆ ಒಣಗಿ ಗೋಧಿ ಬಣ್ಣ. ಬಾಗಿಲ ಮೇಲೆ, ಹುಲ್ಲಿನ ಸೂರಿನ ಅಡಿ ಸಿಕ್ಕಿಸಿದರೆ ಮನೆಗೆ ಬೆಂಕಿ ಬೀಳುವುದಿಲ್ಲ ಅಂತ. ಹುಲ್ಲಿನ ಮಾಡಿನ ಮನೆಗಳ ಕಾಲದಲ್ಲಿ ಅದು ಸಣ್ಣ ಭಯ ಅಲ್ಲ. ಈ ಶಿಲುಬೆ 1961ರಲ್ಲಿ ಟೆಲಿವಿಷನ್ ಬಂದಾಗ ಆರ್‌ಟಿಇ ಚಾನೆಲ್‌ನ ಗುರುತಾಗಿ, ಮೂವತ್ತು ವರ್ಷದ ಮೇಲೆ ಹಾಗೇ ಇತ್ತು.

ಬ್ರಿಜಿಡ್‌ಗೆ ಹೂವೂ ಇದೆ. ಯಾವುದು ಗೊತ್ತಾ? ಡ್ಯಾಂಡೆಲಿಯನ್! ಎಲ್ಲರೂ ಹುಲ್ಲುಹಾಸಿನಿಂದ ಕಿತ್ತು ಬಿಸಾಡುವ ಕಳೆ. ಐರಿಷ್‌ನಲ್ಲಿ ಬ್ಯಾರ್ನಾನ್ ಬ್ರೀಡೆ. ಕಡ್ಡಿ ಮುರಿದರೆ ಹಾಲು ಬರುತ್ತದಲ್ಲ, ಎಳೆ ಕುರಿಮರಿಗಳಿಗೆ ಅದೇ ಹಾಲು ಅಂತ ಹೇಳಿಕೆ. ಕುರಿ ಈಯುವ ಕಾಲವೂ ಅದೇ.

ಬೆಲ್‌ಫಾಸ್ಟ್ ಬಿಸಿಬೇಳೆ · ಮೇ 15, ರಾತ್ರಿ 8:20

ಎಲ್ಲರೂ ಹಳ್ಳಿ, ಹಸು ಅಂತ ಚೆಂದದ ಮಾತೇ ಹೇಳುತ್ತಿದ್ದೀರಿ. ಬ್ರಿಟನ್ ಜೊತೆಗಿರುವ ಉತ್ತರ ಐರ್ಲೆಂಡಿಗೆ ಬನ್ನಿ, ಇಲ್ಲಿ ಹೂವು ಜಾತಿ ಕೇಳುತ್ತದೆ.

ಬಂದ ಮೊದಲ ಜುಲೈ. ಆಫೀಸಿನ ಗೆಳೆಯನೊಬ್ಬ ಹೊಸ ಮನೆಗೆ ಕರೆದ. ಖಾಲಿ ಕೈಯಲ್ಲಿ ಹೋಗುವುದು ಬೇಡ ಅಂತ ಅಂಗಡಿಯಲ್ಲಿ ಕಂಡ ಕಿತ್ತಳೆ ಬಣ್ಣದ ಲಿಲಿಯ ಗೊಂಚಲು ತಗೊಂಡೆ. ನಮಗೆ ಕೇಸರಿ ಅಂದರೆ ಮಂಗಳ ಅಲ್ವಾ! ಅವನ ಅಮ್ಮ ಹೂವು ನೋಡಿದರು, ನನ್ನ ನೋಡಿದರು, ಮತ್ತೆ ಹೂವು ನೋಡಿದರು. ಕೋಣೆಯಲ್ಲಿ ಪಿನ್ ಬಿದ್ದರೂ ಕೇಳುವಷ್ಟು ಮೌನ. ಆಮೇಲೆ ಗೆಳೆಯ ಬಿದ್ದು ಬಿದ್ದು ನಕ್ಕ. ಕಿತ್ತಳೆ ಲಿಲಿ ಜುಲೈ 12ರ ಹೂವು. 1690ರ ಬಾಯ್ನ್ ಯುದ್ಧದಲ್ಲಿ ಆರೆಂಜ್ ಮನೆತನದ ಪ್ರಾಟೆಸ್ಟಂಟ್ ರಾಜ ವಿಲಿಯಂ ಕ್ಯಾಥೊಲಿಕ್ ರಾಜನ ಮೇಲೆ ಗೆದ್ದದ್ದನ್ನು ಪ್ರಾಟೆಸ್ಟಂಟ್ ಆರೆಂಜ್ ಆರ್ಡರ್‌ನವರು ಮೆರವಣಿಗೆ ಮಾಡಿ ನೆನೆಯುವ ದಿನ. ಡೋಲಿನ ಮೇಲೆ, ಕೋಟಿನ ಮೇಲೆ ಈ ಹೂವು. ನಾನು ಕೊಟ್ಟಿದ್ದು ಕ್ಯಾಥೊಲಿಕ್ ಮನೆಗೆ, ಜುಲೈ 10ಕ್ಕೆ.

ಕ್ಯಾಥೊಲಿಕ್ ಕಡೆಯವರದ್ದೇ ಲಿಲಿ ಬೇರೆ ಇದೆ. ಈಸ್ಟರ್ ಲಿಲಿ. ಬ್ರಿಟಿಷರ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಸತ್ತವರ ನೆನಪಿಗೆ 1926ರಲ್ಲಿ ಕುಮನ್ ನ ಮಾನ್ ಅನ್ನುವ ಮಹಿಳಾ ಸಂಘಟನೆ ಶುರು ಮಾಡಿದ ಕಾಗದದ ಬ್ಯಾಡ್ಜ್. ಬಿಳಿ ಕಾಲಾ ಲಿಲಿ, ಜೊತೆಗೆ ಹಸಿರು, ಕಿತ್ತಳೆ. ಚರ್ಚಿನಲ್ಲಿ ಈಸ್ಟರ್‌ಗೆ ಇಡುತ್ತಿದ್ದ ಹೂವನ್ನೇ ತಗೊಂಡದ್ದು. ಸತ್ತು ಎದ್ದು ಬರುವುದು ಅನ್ನುವ ಅರ್ಥ ಅಲ್ಲೇ ಇತ್ತು, ದೇಶಕ್ಕೆ ತಿರುಗಿಸಿದರು. 1970ರ ಹೊತ್ತಿಗೆ, ಇಡೀ ಐರ್ಲೆಂಡ್ ಬ್ರಿಟನ್ನಿನಿಂದ ಬಿಡಿಸಿಕೊಳ್ಳಬೇಕು ಅನ್ನುವ ರಿಪಬ್ಲಿಕನ್ನರು ಇಬ್ಭಾಗ ಆದಾಗ ಒಂದು ಬಣದ ಲಿಲಿಗೆ ಹಿಂದೆ ಅಂಟು, ಇನ್ನೊಂದು ಬಣದ್ದಕ್ಕೆ ಪಿನ್. ಅಂಟಿನವರಿಗೆ "ಸ್ಟಿಕೀಸ್" ಅಂತ ಅಡ್ಡಹೆಸರು ಬಂತು, ಇವತ್ತಿಗೂ ಅಳಿದಿಲ್ಲ. ಒಂದೇ ಹೂವು, ಹೇಗೆ ಅಂಟಿಸಿದೆ ಅನ್ನುವುದರಲ್ಲಿ ರಾಜಕೀಯ! 2001ರಲ್ಲಿ ಸ್ಟಾರ್ಮಂಟ್ ಶಾಸನಸಭೆಯ ಕಟ್ಟಡದಲ್ಲಿ ಈ ಲಿಲಿ ಇಡುವ ಬಗ್ಗೆ ದೊಡ್ಡ ರಂಪವೇ ಆಗಿತ್ತು.

ನವೆಂಬರ್‌ನಲ್ಲಿ ಪಾಪಿ. ಬ್ರಿಟಿಷ್ ಸೈನ್ಯದಲ್ಲಿ ಸತ್ತವರ ನೆನಪಿನ ಕೆಂಪು ಹೂವು. ಮೊದಲ ಮಹಾಯುದ್ಧದಲ್ಲಿ ಸತ್ತ ಐರಿಷರೂ ಸಾವಿರಾರು ಜನ. ಆದರೂ ದಕ್ಷಿಣದಲ್ಲಿ, ಅಂದರೆ ಐರ್ಲೆಂಡ್ ಗಣರಾಜ್ಯದಲ್ಲಿ, ಅದನ್ನು ಹಾಕಿಕೊಳ್ಳುವುದು ಸುಲಭದ ಮಾತಲ್ಲ. 2017ರಲ್ಲಿ ಆಗಿನ ಪ್ರಧಾನಿ ಲಿಯೋ ವರಾಡ್ಕರ್ ಸಂಸತ್ತಿಗೆ ಶ್ಯಾಮ್‌ರಾಕ್ ಮೇಲೆ ಪಾಪಿ ಕೂರಿಸಿದ ಬ್ಯಾಡ್ಜ್ ಹಾಕಿಕೊಂಡು ಬಂದರು. ಎರಡು ದಿನ ಅದೇ ಸುದ್ದಿ.

ನಾನೀಗ ಯಾರ ಮನೆಗೆ ಹೋದರೂ ಮೈಸೂರು ಪಾಕ್ ತಗೊಂಡು ಹೋಗುತ್ತೇನೆ. ಅದಕ್ಕೆ ಪಕ್ಷ ಇಲ್ಲ.

ನಿರ್ವಾಹಕ · ಮೇ 15, ರಾತ್ರಿ 8:45

ಉತ್ತರದ ರಾಜಕೀಯದ ಮೇಲೆ ಬಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಹೂವಿನಲ್ಲೇ ಇರಿ.

ಕ್ಲೇರ್ ಕಡೆಯವ · ಮೇ 15, ರಾತ್ರಿ 9:30

ಬಿಸಿಬೇಳೆಯವರೇ, ಮೈಸೂರು ಪಾಕ್ ನಮ್ಮ ಕಡೆಗೂ ಕಳಿಸಿ.

ಬಾಕಿ ಉಳಿದ ಹಬ್ಬ ನಾನು ಬೇಗ ಮುಗಿಸುತ್ತೇನೆ. ಜುಲೈ ಕೊನೆಯ ಭಾನುವಾರ ಫ್ರಾಹನ್ ಸಂಡೆ. ಫ್ರಾಹನ್ ಅಂದರೆ ಬೆಟ್ಟದ ಬಿಲ್‌ಬೆರಿ. ಹುಡುಗ ಹುಡುಗಿಯರು ಗುಂಪಾಗಿ ಗುಡ್ಡ ಹತ್ತಿ ಹಣ್ಣು ಕೀಳುವುದು, ನೇರಳೆ ತಿಂದ ಹಾಗೆ ಬಾಯೆಲ್ಲ ನೀಲಿ. ಹಣ್ಣು ನೆಪ, ಎಷ್ಟೋ ಮದುವೆ ಆ ಗುಡ್ಡದಲ್ಲೇ ಕುದುರಿದವು. ಅಕ್ಟೋಬರ್ 31 ಸೌವಿನ್, ಈಗಿನ ಹ್ಯಾಲೋವೀನ್. ಕುಂಬಳಕಾಯಿ ಅಮೆರಿಕದಿಂದ ಬಂದದ್ದು. ಇಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್. ಮೇಯೋ ಕೌಂಟಿಯ ಟರ್ಲೋ ಪಾರ್ಕ್ ಮ್ಯೂಸಿಯಂನಲ್ಲಿ ಡಾನಿಗಾಲ್‌ನ ಹಳೆಯ ಟರ್ನಿಪ್ ದೀಪವೊಂದರ ಅಚ್ಚು ಇದೆ. ಸುಕ್ಕು ಮುಖ, ಕಿರಿದ ಹಲ್ಲು. ಕುಂಬಳಕಾಯಿ ನಗುತ್ತದೆ, ಇದು ನಿಜಕ್ಕೂ ಹೆದರಿಸುತ್ತದೆ. ಅವತ್ತೇ ರಾತ್ರಿ ಎರಡು ಹೇಸಲ್ ಕಾಯಿಗೆ ಹುಡುಗ ಹುಡುಗಿಯ ಹೆಸರಿಟ್ಟು ಒಲೆಯ ಪಕ್ಕ ಇಡುವುದು. ಸುಮ್ಮನೆ ಜೊತೆಗೆ ಉರಿದರೆ ಸಂಸಾರ ಚೆನ್ನ. ಒಂದು ಟಪ್ ಅಂತ ಹಾರಿದರೆ ಮುಗೀತು. ಸೌವಿನ್ ಆದ ಮೇಲೆ ಬ್ಲ್ಯಾಕ್‌ಬೆರಿ ತಿನ್ನಬಾರದು, ಪೂಕಾ ಅನ್ನುವ ಭೂತ ಅದರ ಮೇಲೆ ಉಗುಳಿರುತ್ತದೆ.

ಕ್ರಿಸ್‌ಮಸ್‌ಗೆ ಹಾಲಿ ಅನ್ನುವ ಮುಳ್ಳೆಲೆಯ ಗಿಡ ಮತ್ತು ಐವಿ ಬಳ್ಳಿ. ಎಲ್ಲ ಬೋಳಾದ ಕಾಡಿನಲ್ಲಿ ಹಸಿರಾಗಿ ಉಳಿದಿರುವುದು ಅವೇ. ಕ್ರಿಸ್‌ಮಸ್ ಬಂದಳಿಕೆ ಮಿಸಲ್‌ಟೋ ಹುಡುಕಬೇಡಿ, ಐರ್ಲೆಂಡಿನಲ್ಲಿ ಅದು ಬಲು ಅಪರೂಪ. ಹಾಲಿಯನ್ನು ಜನವರಿ 6ರವರೆಗೆ ತೆಗೆಯಬಾರದು. ಕೆಲವು ಮನೆಗಳಲ್ಲಿ ಒಣಗಿದ ಹಾಲಿಯನ್ನು ಎತ್ತಿಟ್ಟು, ಲೆಂಟ್ ಉಪವಾಸಕ್ಕೆ ಮುಂಚಿನ ಮಂಗಳವಾರ ಪ್ಯಾನ್‌ಕೇಕ್ ಒಲೆಗೆ ಹಾಕುತ್ತಿದ್ದರು. ಹಬ್ಬದಿಂದ ಹಬ್ಬಕ್ಕೆ ಬೆಂಕಿ. ಜನವರಿ 5ರ ರಾತ್ರಿಯ ಒಂದು ಪದ್ಧತಿ ಕೇಳಿ ನನಗೆ ಊರೇ ನೆನಪಾಯಿತು. ಸಗಣಿಯ ಮುದ್ದೆ ತಟ್ಟಿ, ಅದಕ್ಕೆ ಹನ್ನೆರಡು ರಶ್ ಕಡ್ಡಿ ಚುಚ್ಚಿ ದೀಪ ಹಚ್ಚುವುದು. ಸಿಪ್ಪೆ ತೆಗೆದ ರಶ್ ಒಳಗಿನ ಬೆಂಡು ಕೊಬ್ಬಿನಲ್ಲಿ ಅದ್ದಿದರೆ ಬತ್ತಿ ತರ ಉರಿಯುತ್ತದೆ. ಒಂದೊಂದು ಕಡ್ಡಿಗೂ ಮನೆಯವರ ಹೆಸರು. ಯಾರ ದೀಪ ಮೊದಲು ಆರುತ್ತದೋ ಅವರು ಮೊದಲು ಹೋಗುತ್ತಾರೆ ಅಂತ. ಸಗಣಿ, ದೀಪ ಅಂದಾಗ ನಮ್ಮ ದೀಪಾವಳಿ ಅಂದುಕೊಂಡೆ, ಕೊನೆಯ ಮಾತು ಕೇಳಿ ಸುಮ್ಮನಾದೆ.

ಜಾಸ್ತಿ ಬೇಕಿದ್ದರೆ 1937ರಿಂದ 1939ರ ನಡುವೆ ಸುಮಾರು 5,000 ಶಾಲೆಗಳ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆದ ನೋಟ್‌ಬುಕ್ಕುಗಳಿವೆ. ಆನ್‌ಲೈನ್‌ನಲ್ಲಿ ಪುಕ್ಕಟೆ. ನಿಮ್ಮ ಹಳ್ಳಿಯ ಹೆಸರು ಹಾಕಿ ಹುಡುಕಿ. ಹೊಸಬಳೇ, ನಿಮ್ಮ ಅಜ್ಜಿಯ ಅಣ್ಣನೋ ಅಕ್ಕನೋ ಬರೆದದ್ದೂ ಸಿಗಬಹುದು.

ವೆಕ್ಸ್‌ಫರ್ಡ್ ಹೊಸಬಳು · ಮೇ 17, ಸಂಜೆ 7:25

ಎಲ್ಲರಿಗೂ ಥ್ಯಾಂಕ್ಸ್. ಎರಡು ನೈಟ್ ಶಿಫ್ಟ್ ಇತ್ತು, ಇವತ್ತು ಕೂತು ಪೂರ್ತಿ ಓದಿದೆ.

ಬೆಳಿಗ್ಗೆ ಅಜ್ಜಿಯ ಮನೆಗೆ ಹೋಗಿದ್ದೆ. ಉಪ್ಪಿಟ್ಟು ಮಾಡಿಕೊಂಡು ಹೋದೆ. ಕೊಂಬೆ ಹೊರಗೆ ಹಾಕಿದೆ ಅಂದಾಗ, "ಎಲ್ಲಿ ಹಾಕಿದೆ?" ಅಂತ ಕೇಳಿದರು. ಕಸದ ಡಬ್ಬಿಗೆ ಅಂದೆ. ಅದೂ ತಪ್ಪಂತೆ! ಬೇಲಿಯ ಬುಡಕ್ಕೆ ವಾಪಸ್ ಇಡಬೇಕಿತ್ತಂತೆ. ಆಮೇಲೆ ಮೆಲ್ಲಗೆ ಹೇಳಿದರು. ಅವರಿಗೆ ಏಳು ವರ್ಷ ಇದ್ದಾಗ ಶಾಲೆಯಿಂದ ಬರುವಾಗ ಅಮ್ಮನಿಗೆ ಅಂತ ಇದೇ ಹೂವು ತಂದಿದ್ದರಂತೆ. ಅಮ್ಮ ಬೈಯಲಿಲ್ಲ, ಬಾಗಿಲಲ್ಲೇ ತಡೆದು ಹೂವು ಇಸಿದುಕೊಂಡು ಹೊರಗಿಟ್ಟರು. ಅದೇ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೂ ಗೊತ್ತು" ಅಂದರು. ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಪಕ್ಕಕ್ಕೆ ಎತ್ತಿಟ್ಟು, ಇದು ಒಳಗೆ ತರಬಹುದಾದ ಎಲೆಯಾ ಅಂತ ಕೇಳಿದರು. ಇಬ್ಬರೂ ನಕ್ಕೆವು.

ಗೇಟಿನ ಕೊಂಬೆಯನ್ನು ಈ ತಿಂಗಳು ಮುಗಿಯುವವರೆಗೂ ತೆಗೆಯುವುದಿಲ್ಲವಂತೆ. ಮುಂದಿನ ವರ್ಷ ನನ್ನ ಗೇಟಿಗೂ ಒಂದು ಬೇಕು ಅಂದೆ. ಹಾಗಾದರೆ ಈಸ್ಟರ್‌ನಿಂದ ಚಿಪ್ಪು ಎತ್ತಿಡು, ಮೊಟ್ಟೆಯನ್ನು ನಡುವೆ ಒಡೆಯಬೇಡ, ತುದಿಯಲ್ಲಿ ತೂತು ಮಾಡು ಅಂದರು. ನಾವು ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ ಅಂತ ಇನ್ನೂ ಹೇಳಿಲ್ಲ.

ಕಾರ್ಕ್ ಕಾಫಿ · ಮೇ 17, ರಾತ್ರಿ 8:02

ಹೇಳಬೇಡಿ. ನಮ್ಮನೆ ಚಿಪ್ಪು ಪಾರ್ಸಲ್ ಮಾಡುತ್ತೇನೆ, ಅಡ್ರೆಸ್ ಮೆಸೇಜ್ ಮಾಡಿ.

ಹಸಿರು ಟೋಪಿ · ಮೇ 17, ರಾತ್ರಿ 8:10

ಒಡೆಯದೆ ತಲುಪಿದರೆ ಅದೇ ದೊಡ್ಡ ಪವಾಡ ಅಕ್ಕ.